ಮುಳಗುಂದ ನಾಕಾ ಬಂತು, ಬೆಲ್ಟ್ ಹಾಕ್ಕೋರಿ!

ಖರೇ ಹೇಳ್ರಿ, ಕಾರಿನ ಸೀಟ್ ಬೆಲ್ಟ್ ನಿಮಗ ಯಾವಾಗ ನೆನಪಾಗತೈತಿ? ಗದಗದಾಗ ಮುಳಗುಂದ ನಾಕಾ ಹತ್ರ ಬಂದಾಗ, ಹೌದಲ್ಲೋ? ಅಲ್ಲೀತನಕ ಬಾಯಾಗ ಅಡಿಕಿ, ಕಿವಿಗೆ ಫೋನು, ಬೆಲ್ಟ್ ಬಾಗಲ ಕಡೆ ತನ್ನ ಪಾಡಿಗೆ ಜೋತಾಡಕೊಂತ. ದೂರದಾಗ ಬಿಳಿ ಅಂಗಿ ಕಂಡಿದ್ದೇ ತಡ, ಕೈ ಸರಕ್ಕನ ಹೆಗಲ ಮ್ಯಾಲೆ ಹೋಗಿ ಬೆಲ್ಟ್ ಜಗ್ಗೇ ಬಿಡತೈತಿ. ಏನ್ ಚುರುಕು, ಏನ್ ಚುರುಕು!

ಜಗ್ಗೀರಿ ಖರೆ, ಕ್ಲಿಕ್ ಅನ್ನಿಸೀರೇನು? ಇಲ್ಲ. ಎದಿ ಮ್ಯಾಲೆ ಎಳಕೊಂಡು ತುದಿ ತೊಡಿ ಬುಡಕ ಒತ್ತಿ ಹಿಡೀತೀರಿ. (ಎರಡು ನಿಮಿಷದ ಕೆಲಸಕ್ಕ ಕ್ಲಿಕ್ ಯಾಕ ಅಂತ.) ಪೊಲೀಸಪ್ಪ ನಿಮ್ಮ ಮಾರಿ ನೋಡತಾನ, ನೀವು ಅವನ ಮಾರಿ ನೋಡತೀರಿ, ಇಬ್ರಿಗೂ ಎಲ್ಲಾ ಗೊತ್ತೈತಿ. ನಾಕಾ ದಾಟೂದೇ ತಡ, ಸುರ್ರಂತ ಬೆಲ್ಟ್ ಒಳಗ.

ನೆವ ಏನ್ ಕಡಿಮಿ ಇಲ್ಲ ಬಿಡ್ರಿ ನಿಮ್ಮ ಹತ್ರ. ಬೆಟಗೇರಿಗೆ ಹೊಂಟ್ರ, "ಇಲ್ಲೇ ಹೋಗಿ ಬರತೀನ್ರಿ, ಬೆಲ್ಟ್ ಯಾಕ?" ಲಕ್ಷ್ಮೇಶ್ವರಕ್ಕ ಹೊಂಟ್ರ, "ಈ ತಗ್ಗಿನ್ಯಾಗ ಗಾಡಿ ಎಲ್ಲಿ ಓಡತೈತ್ರಿ?" ಮುಂಡರಗಿಗೆ ಹೊಂಟ್ರ, "ರೋಡ್ ಭಾಳ ಛಲೋ ಐತ್ರಿ, ಏನಾಗತೈತಿ?" ಅಲ್ರೀ, ತಗ್ಗಿದ್ರೂ ಬ್ಯಾಡ, ತಗ್ಗಿಲ್ದಿದ್ರೂ ಬ್ಯಾಡ ಅಂದ್ರ ಬೆಲ್ಟ್ ಹಾಕೂ ರೋಡ್ ಯಾವುದು?

ಶಿರಹಟ್ಟಿಗೆ ಹೊಂಟ್ರಂತೂ ನೆವ ಹುಡುಕೂ ತ್ರಾಸೂ ಇಲ್ಲ. "ಫಕೀರೇಶ್ವರಜ್ಜ ಅದಾನ, ಎಲ್ಲಾ ಅವನೇ ನೋಡಕೋತಾನ." ಅಜ್ಜ ಅದಾನ, ಯಾರು ಇಲ್ಲ ಅಂದ್ರು? ಹಿಂದೂ ಮುಸಲ್ಮಾನ ಅನ್ನದ ಎಲ್ಲಾರನ್ನೂ ನೋಡಕೊಳ್ಳೂ ಅಜ್ಜಗ ಮೊದಲ ಕೈತುಂಬ ಕೆಲಸ. ನಿಮ್ಮದೊಂದು ಬೆಲ್ಟರ ನೀವ ಹಾಕ್ಕೊಂಡ್ರ ಅವಂಗೂ ಒಂದೀಟು ಬಿಡುವು ಸಿಗತೈತಿ.

ನೀವು ಸಾವಕಾಶ ಹೊಡೀತೀರಿ, ಒಪ್ಪಿದೆ. ಎದುರಿಗೆ ಬರಾಂವ? ಸುಗ್ಗಿ ಬಂದ್ರ ಅರ್ಧಾ ರೋಡಿನ ತುಂಬ ರಾಶಿ ಹರವಿರತಾರ, ಅದರ ಸುತ್ತ ಕಲ್ಲು ಇಟ್ಟಿರತಾರ. ರಾತ್ರಿ ಹಿಂದ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರು, ಒಂದಲ್ಲ, ಎರಡು ಟ್ರೇಲರ್ ಕಟಗೊಂಡು, ಹಾಡು ಹಚಗೊಂಡು. ಡಂಬಳದ ಕಡೆ ಹೊಂಟ್ರ ಕಪ್ಪತಗುಡ್ಡದ ಬುಡದಾಗ ಕುರಿ ಹಿಂಡು ಅಡ್ಡ. ಹುಬ್ಬಳ್ಳಿ ಕಡೆ 67ನೇ ನಂಬರ್ ಹೈವೇ ಹತ್ತಿದ್ರಿ ಅಂದ್ರ ನಿಮ್ಮ ಸಾವಕಾಶಾನೂ ಅಣ್ಣಿಗೇರಿ ಬರೂದ್ರಾಗ ನೂರು ಮುಟ್ಟಿರತೈತಿ. (ಮೀಟರ್ ನೋಡಿದ್ರ ಹೆಂಡ್ತಿ ಕೇಳತಾಳಂತ ಕೈ ಅಡ್ಡ ಇಡತೀರಿ. ಗೊತ್ತೈತಿ.)

ನೂರು ಬ್ಯಾಡ, ಅರವತ್ತೇ ಹಿಡೀರಿ. ತಾಸಿಗೆ 60 ಕಿಲೋಮೀಟರ್ ವೇಗದಾಗ ಗಾಡಿ ಹೋಗಿ ಗೋಡಿಗೆ ಬಡದ್ರ, ಆ ಪೆಟ್ಟು ಸುಮಾರು 14 ಮೀಟರ್ ಎತ್ತರದಿಂದ ಬಿದ್ದಷ್ಟು. ಅಂದ್ರ ನಾಲ್ಕಂತಸ್ತಿನ ಕಟ್ಟಡದ ಮಾಳಗಿ ಮ್ಯಾಲಿಂದ. ಸಂಡಿಗಿ ಒಣಹಾಕಾಕ ಮಾಳಗಿ ಹತ್ತಿದಾಗ "ಅಂಚಿಗೆ ಹೋಗಬ್ಯಾಡೋ" ಅಂತ ಮೊಮ್ಮಗನ್ನ ಗದರಸಾವ್ರು ಯಾರು? ನೀವ ಅಲ್ಲೇನು?

"ಸ್ಟೀರಿಂಗ್ ಗಟ್ಟಿ ಹಿಡೀತೀನಿ" ಅಂತೀರಿ. ಹಿಡೀರಿ ನೋಡೂಣು. ಗಾಡಿ ನಿಂತ್ರೂ ನಿಮ್ಮ ಮೈ ನಿಲ್ಲೂದಿಲ್ಲ, ಅದು ಅರವತ್ತರ ವೇಗದಾಗ ಮುಂದ ಹೊಂಟೇ ಇರತೈತಿ. ಅದನ್ನ ತಡಿಯೂದು ಬೆಲ್ಟ್, ಇಲ್ಲಾ ಗಾಜು. ಬೆಲ್ಟಿನಿಂದ ಸಾವಿನ ಅಪಾಯ ಅರ್ಧದಷ್ಟರ ತನಕ ಕಡಿಮಿ ಆಗತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ.

ಈ ಬೆಲ್ಟ್ ಮಾಡಿದಾಂವ ಯಾರಂತ ಗೊತ್ತೇನು? ಸ್ವೀಡನ್ ದೇಶದ ನಿಲ್ಸ್ ಬೋಲಿನ್. ಮೊದಲ ಆ ಮನಶ್ಯಾ ಸಾಬ್ ಕಂಪನ್ಯಾಗ ವಿಮಾನದ ಸೀಟು ಮಾಡತಿದ್ದ. ಎಂಥಾ ಸೀಟು? ಆಪತ್ತು ಬಂದಾಗ ಪೈಲಟ್‌ನ್ನ ಸೀಟ್ ಸಮೇತ ಹೊರಗ ಒಗಿಯೂವಂಥಾದ್ದು! ಆಮ್ಯಾಲೆ ವೋಲ್ವೋ ಕಂಪನಿ ಸೇರಿ, 1959ರಾಗ ಮನಶ್ಯಾ ಹೊರಗ ಬೀಳಲಾರದಂಥಾ ಈ ಮೂರು ಬಿಂದುವಿನ ಬೆಲ್ಟ್ ಮಾಡಿದ. ಪೇಟೆಂಟ್ ಇದ್ರೂ ಕಂಪನಿ ಅದನ್ನ ಎಲ್ಲಾ ಕಾರಿನವರಿಗೂ ಬಿಟ್ಟಕೊಟ್ಟಿತು. ಪುಗಸಟ್ಟೆ. ಪುಗಸಟ್ಟೆ ಅಂದ್ರ ಯಾವುದನ್ನೂ ಬಿಡದ ನಾವು ಇದೊಂದನ್ನ ಬಿಟ್ಟೀವಿ ನೋಡ್ರಿ.

ಹೊಸಾ ಕಾರಿನವರ ಕಥಿ ಬ್ಯಾರೆ. 2019ರ ಜುಲೈ 1ರಿಂದ ಹೊಸಾ ಕಾರುಗಳ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸೂ ಗಂಟಿ ಕಡ್ಡಾಯ ಮಾಡ್ಯಾರ. ಟಿಣ್, ಟಿಣ್, ಟಿಣ್! ಮನ್ಯಾಗ ಯಾರ ಮಾತಿಗೂ ಬಗ್ಗದ ನೀವು (ಬಗ್ಗತೀರಿ, ನಮಗ ಗೊತ್ತಿಲ್ಲೇನು) ಇದಕ್ಕರ ಬಗ್ಗತೀರಿ ಅಂತ ಸರಕಾರ ತಿಳಕೊಂಡಿತ್ತು. ನೀವೇನ್ ಮಾಡಿದ್ರಿ? ಬೆಲ್ಟ್ ಬೆನ್ನ ಹಿಂದಿನಿಂದ ಹಾಯಿಸಿ, ಕ್ಲಿಕ್ ಅನ್ನಿಸಿ, ಅದರ ಮ್ಯಾಲೆ ಆರಾಮ್ ಕುಂತ್ರಿ.

ನಿಮಗಿಂತ ಶಾಣ್ಯಾರು ಇನ್ನೂ ಒಂದು ಹೆಜ್ಜಿ ಮುಂದ. ಬೆಲ್ಟಿಲ್ಲದ ಬರೇ ಕ್ಲಿಪ್ ಕೊಂಡು ತಂದು ಸಿಗಿಸಿ ಗಂಟಿ ಬಾಯಿ ಮುಚ್ಚಿಸಿದ್ರು. ಅದನ್ನ ಆನ್‌ಲೈನ್‌ದಾಗ ಬಾಟ್ಲಿ ಓಪನರ್, ಸಿಗರೇಟ್ ಲೈಟರ್ ಅಂತೆಲ್ಲಾ ಹೆಸರು ಹಚ್ಚಿ ಮಾರತಿದ್ರು. ಕಡೀಕ 2023ರ ಮೇ ತಿಂಗಳದಾಗ ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಿ, 13,118 ಲಿಸ್ಟಿಂಗ್ ತೆಗಿಸಿಹಾಕಬೇಕಾತು. ಜೀವ ಉಳಿಸೂ ಸಾಮಾನಿನ ಬಾಯಿ ಮುಚ್ಚಸಾಕ ರೊಕ್ಕ ಕೊಡೂ ಮಂದಿ ನಾವು!

"ಏರ್‌ಬ್ಯಾಗ್ ಅದಾವಲ್ರಿ, ಆರು!" ಅಂತ ಬೆರಳು ತೋರಸಬ್ಯಾಡ್ರಿ. ಏರ್‌ಬ್ಯಾಗ್ ಮಾಡಿದ್ದು ಬೆಲ್ಟ್ ಹಾಕ್ಕೊಂಡಾವ್ರ ಸಲುವಾಗಿ. ರೆಪ್ಪಿ ಬಡಿಯೂದ್ರೊಳಗ, ಒಂದು ಸೆಕೆಂಡಿನ ಮೂವತ್ತನೇ ಒಂದು ಪಾಲಿನ್ಯಾಗ ಉಬ್ಬಿ ಬರೂ ಚೀಲ ಅದು. ಬೆಲ್ಟ್ ಇಲ್ಲದ, ಬ್ರೇಕ್ ಹೊಡತಕ್ಕ ಮೊದಲ ಮುಂದ ಜೋತ ಬಿದ್ದ ನಿಮ್ಮ ಮಾರಿಗೆ ಅದು ಮೆತ್ತಗ ತಾಗೂದಿಲ್ಲ, ಗುದ್ದತೈತಿ.

ಈಗ ಮುಂದಿನ ಸೀಟಿನ ವಿಷಯಕ್ಕ ಬರೂಣು. ನಮ್ಮ ಕಡೆ ಅದು ಸೀಟಲ್ಲ, ಮರ್ಯಾದಿ. ಬೀಗರು ಬಂದ್ರ ಬೀಗರಿಗೆ, ಮಾವಾರು ಬಂದ್ರ ಮಾವಾರಿಗೆ, ಊರ ಗೌಡ್ರು ಬಂದ್ರ ಮಾವಾರೂ ಹಿಂದ. ಹಂಗ ಮುಂದ ಕುಂತ ಹಿರೇರಿಗೆ "ಬೆಲ್ಟ್ ಹಾಕ್ಕೋರಿ" ಅನ್ನೂ ಧೈರ್ಯ ಯಾರಿಗೈತಿ? ಅಳಿಯ ಒಂದು ಸಲ ಬಾಯಿಬಿಟ್ಟ ಅನ್ರಿ. "ಯಾಕ ಅಳಿಯಾರ, ನಿಮ್ಮ ಡ್ರೈವಿಂಗ್ ಮ್ಯಾಲೆ ನಿಮಗ ನಂಬಿಗಿಲ್ಲೇನು?" ಅಂದುಬಿಟ್ರ ಮುಗೀತು. ಲಕ್ಷ್ಮೇಶ್ವರ ಬರೋತನಕ ಗಾಡ್ಯಾಗ ಮಾತಿಲ್ಲ.

ಖರೇ ಕಾರಣ ಬ್ಯಾರೆನ ಐತಿ. ಅಂಗಿ! ಗಂಜಿ ಹಾಕಿ ಇಸ್ತ್ರಿ ಹೊಡಸಿದ ಬಿಳಿ ಅಂಗಿ, ಎದಿ ಮ್ಯಾಲೆ ಅಡ್ಡ ಗೆರಿ ಬಿದ್ರ ಮದಿವ್ಯಾಗ ಮಂದಿ ಏನಂದಾರು? (ಅಕ್ಕಾರಿಗೆ ಇಳಕಲ್ ಸೀರಿ ನೆರಗಿ, ಸೆರಗು, ಪಿನ್ನು, ಮ್ಯಾಲೆ ಬೋರಮಾಳ ಸರ.) ಇದಕ್ಕೊಂದು ಉಪಾಯ ಹೇಳತೀನಿ, ಯಾರಿಗೂ ಹೇಳಬ್ಯಾಡ್ರಿ. ಬಾಯಿಂದ ಹೇಳೂದ ಬ್ಯಾಡ. ಸತ್ಕಾರದ ಶಾಲು ಹೊದಿಸಿದಂಗ ನೀವ ಬೆಲ್ಟ್ ಜಗ್ಗಿ, ಮಾವಾರ ಹೆಗಲ ಮ್ಯಾಲಿಂದ ತಂದು, ಕ್ಲಿಕ್ ಅನ್ನಿಸಿ, ಕೈ ಮುಗೀರಿ. ಮರ್ಯಾದಿ ಅಂದ್ಮ್ಯಾಲೆ ಹಿರೇರು ತಗದ ಒಗಿಯೂದಿಲ್ಲ.

ಹಾಕ್ಕೊಂಡಾವ್ರೂ ಭಾಳ ಹಿಗ್ಗಬ್ಯಾಡ್ರಿ. ಹೆಂಗ ಹಾಕ್ಕೊಂಡೀರಿ? ಮ್ಯಾಲಿನ ಪಟ್ಟಿ ಹೆಗಲ ಎಲುವಿನ ನಡುವ ಹಾಯಬೇಕು. ಕುತ್ಗಿ ಕೊರೀಬಾರದು, ಹೆಗಲಿಂದ ಜಾರೂಬಾರದು, ಕಿರಿಕಿರಿ ಆಗತೈತಿ ಅಂತ ಕಂಕಳ ಬುಡಕ ಹಾಯಿಸೂದಂತೂ ಬ್ಯಾಡೇ ಬ್ಯಾಡ. ಹಂಗ ಹಾಯಿಸಿದ್ರ ಪೆಟ್ಟು ಬಿದ್ದಾಗ ಪಕ್ಕೆಲುವು ಮುರಿಯೂದು ಅದೇ ಬೆಲ್ಟಿನಿಂದ. ಪಟ್ಟಿ ತಿರುವು ಬಿದ್ದಿದ್ರ ಬಿಡಿಸಿ ಸಪಾಟ ಮಾಡ್ರಿ.

ಕೆಳಗಿನ ಪಟ್ಟಿ ಹೊಟ್ಟಿ ಮ್ಯಾಲೆ ಅಲ್ಲ, ಹೊಟ್ಟಿ ಕೆಳಗ, ಟೊಂಕದ ಎಲುವಿನ ಮ್ಯಾಲೆ ಕೂಡಬೇಕು. (ನಿಮಗ ಹೊಟ್ಟಿನ ಇಲ್ಲ ಅಂತೀರಿ. ಆತು, ಇಲ್ಲ.) ಎಲುವು ತಡಕೋತೈತಿ, ಕರಳು ತಡಕೊಳ್ಳೂದಿಲ್ಲ. ಬಸುರಿ ಹೆಣಮಕ್ಕಳೂ ಹಾಕ್ಕೋಬೇಕು. ಪಟ್ಟಿ ಹೊಟ್ಟಿ ಕೆಳಗ, ಮ್ಯಾಲಿಂದು ಎದಿ ನಡುವಿನಿಂದ ಹೊಟ್ಟಿ ಬಾಜೂಕ. ಒಮ್ಮೆ ಹಿಂಗ ಕುಂತ ಮ್ಯಾಲೆ ಬೆಲ್ಟ್ ಜೋರಲೆ ಜಗ್ಗಿ ನೋಡ್ರಿ. ಗಕ್ಕನ ಹಿಡೀತೇನು? ಹಿಡದ್ರ ಆರೋಗ್ಯ ಛಲೋ ಐತಿ.

ಸೀಟು ಸರಸೂದು ಇನ್ನೊಂದು ದೊಡ್ಡ ರಾಮಾಯಣ. ಮನ್ಯಾಗ ಕಾರು ಒಂದು, ಹೊಡಿಯಾವ್ರು ಮೂರು ಮಂದಿ. ಆರಡಿ ಮಗ ನಿನ್ನಿ ರಾತ್ರಿ ಹುಬ್ಬಳ್ಳಿಗೆ ಹೋಗಿ ಬಂದಾನ, ಸೀಟು ಹಿಂದಿನ ಗಾಜಿನತನಕ ಸರಿಸ್ಯಾನ, ಅರ್ಧಾ ಮಲಗಿ ಒಂದ ಕೈಲೆ ಸ್ಟೀರಿಂಗ್ ಹಿಡೀತಾನ. ಮುಂಜಾನೆ ಎಪಿಎಂಸಿಗೆ ಹೊಂಟ ಅಪ್ಪಗ ಕ್ಲಚ್ ನಿಲಕೂದಿಲ್ಲ. ಸರಸತಾನೇನು? ಇಲ್ಲ! ಬೆನ್ನಿಗೆ ಒಂದು ತೆಲಿದಿಂಬು ಇಟ್ಟಕೊಂಡು, ತುದಿಗಾಲಿಲೆ ಕ್ಲಚ್ ಒತ್ತಿ, ದಾರಿ ತುಂಬ ಮಗಗ ಬೈಕೊಂತ ಹೋಗತಾನ. ಸೀಟಿನ ಬುಡಕ ಒಂದು ಕಬ್ಬಿಣದ ಸಳಿ ಐತಿ ಅನ್ನೂದು ಸಿಟ್ಟಿನ್ಯಾಗ ನೆನಪಾಗೂದಿಲ್ಲ.

ಅವ್ವಾರು ಡ್ರೈವಿಂಗ್ ಕಲತಿದ್ರ ಇದರ ಉಲ್ಟಾ. ಬಾನೆಟ್ಟಿನ ತುದಿ ಕಾಣಬೇಕಂತ ಎದಿ ಸ್ಟೀರಿಂಗಿಗೆ ಹತ್ತೂ ಹಂಗ ಮುಂದ ಬರತಾರ. ಹತ್ರ ಕುಂತ್ರ ಜ್ವಾಕಿ ಅಂತ ಲೆಕ್ಕ. ಎದಿಗೂ ಸ್ಟೀರಿಂಗಿಗೂ ನಡುವ ಕಡಿಮಿ ಅಂದ್ರೂ 25 ಸೆಂಟಿಮೀಟರ್ ಬೇಕ್ರಿ ಯವ್ವಾ, ಒಂದು ಗೇಣಿಗಿಂತ ಒಂದೀಟು ಜಾಸ್ತಿನ. ಇಲ್ಲಾಂದ್ರ ಚೀಲ ಉಬ್ಬಾಕ ಜಾಗ ಎಲ್ಲೈತಿ? ಕಾಣವಲ್ದು ಅಂದ್ರ ಸೀಟು ಮ್ಯಾಲೆ ಎತ್ತರಿ. ಭಾಳ ಕಾರಿಗೆ ಬಾಜೂಕ ಎತ್ತೂ ಹಿಡಿಕಿ ಇರತೈತಿ, ಕೈ ಹಾಕಿ ನೋಡ್ರಿ. (ನಾಕು ವರ್ಷ ಆತು ಕಾರು ತಗೊಂಡು, ಇವತ್ತು ಸಿಗತೈತಿ ನಿಮಗ.)

ಅಳತಿ ಸರಳ ಐತಿ. ಗಾಡಿ ನಿಲ್ಲಿಸಿ, ಕುಂಡಿ ಸೀಟಿನ ಮೂಲಿತನಕ ಹಿಂದ ಸರಿಸಿ ಕುಂದರ್ರಿ. ಬ್ರೇಕು, ಕ್ಲಚ್ಚು ತಳ ಮುಟ್ಟೂಹಂಗ ಒತ್ತಿದಾಗೂ ಮೊಣಕಾಲು ಒಂದೀಟು ಮಡಚಿರಬೇಕು. ಬೆನ್ನು ಸೀಟಿಗೆ ಹತ್ತಿರಬೇಕು, ಕೈ ಚಾಚಿದ್ರ ಮಣಿಕಟ್ಟು ಸ್ಟೀರಿಂಗಿನ ನೆತ್ತಿ ಮ್ಯಾಲೆ ಕೂಡಬೇಕು. ಸಳಿ ಬಿಟ್ಟಮ್ಯಾಲೆ ಕುಂತಲ್ಲೇ ಒಮ್ಮೆ ಹಿಂದಮುಂದ ಜಗ್ಗಾಡಿ, ಸೀಟು ಕಟ್ ಅಂತ ಕುಂತೈತೇನು ನೋಡ್ರಿ. ಕನ್ನಡಿ ಆಮ್ಯಾಲೆ. ಮೊದಲ ಕನ್ನಡಿ ಹೊಂದಿಸಿ, ಆಮ್ಯಾಲೆ ಸೀಟು ಸರಸಾವ್ರು ಇದನ್ನ ಇನ್ನೊಮ್ಮೆ ಓದ್ರಿ.

ತೆಲಿಗೆ ಆಸರ ಕೊಡೂ ಹೆಡ್‌ರೆಸ್ಟ್ ಐತೆಲ್ಲಾ, ಅದನ್ನ ನೀವು ಎದಕ್ಕ ತಿಳದೀರಿ? ಟಾವೆಲ್ ಹಾಕಾಕ. ಇನ್ನ ಕೆಲವರು ಹಿಂದಿನ ಹುಡುಗೂರಿಗೆ ರೋಡ್ ಕಾಣವಲ್ದು ಅಂತ ಕಿತ್ತು ಡಿಕ್ಯಾಗ ಒಗದಾರ. ಹಿಂದಿನ ಗಾಡಿ ಬಂದು ಗುದ್ದಿದಾಗ ಕುತ್ಗಿ ಹಿಂದ ಮುರಕೊಂಡು ಬೀಳದಂಗ ಹಿಡಿಯೂದು ಅದೊಂದೇ. ಅದರ ನೆತ್ತಿ ನಿಮ್ಮ ನೆತ್ತಿ ಸರಿಸಮ ಇರಬೇಕು, ತೆಲಿಗೆ ಹತ್ರ ಇರಬೇಕು. ಕುತ್ಗಿಗೆ ಆನಿಸಿಕೊಂಡು ನಿದ್ದಿ ಮಾಡೂ ಸಾಮಾನಲ್ಲ ಅದು.

ನಿದ್ದಿ ಅಂದಕೂಡಲೆ ನೆನಪಾತು. ಡ್ರೈವರ್ ಬಾಜೂಕ ಕುಂತಾವ್ರು ಸೀಟು ಪೂರ್ತಿ ಹಿಂದ ಚೆಲ್ಲಿ ಗೊರಕಿ ಹೊಡೀತೀರೆಲ್ಲಾ, ಬೆಲ್ಟ್ ಹಾಕ್ಕೊಂಡೀನಿ ಅಂತ ಭಂಡ ಧೈರ್ಯ ಬ್ಯಾರೆ. ಮಲಗಿದಾವ್ರಿಗೆ ಬೆಲ್ಟ್ ಮೈಗೆ ಹತ್ತಿರೂದಿಲ್ಲ. ಬ್ರೇಕ್ ಬಿದ್ರ ಟೊಂಕ ಪಟ್ಟಿ ಬುಡಕಿನಿಂದ ಮುಂದ ಜಾರತೈತಿ, ಪಟ್ಟಿ ಬಂದು ಹೊಟ್ಟಿ ಹಿಡೀತೈತಿ. ನಿದ್ದಿ ಬಂದ್ರ ಕುಂತ ಮಾಡ್ರಿ. ಮೀಟಿಂಗಿನ್ಯಾಗ ಮಾಡೂದಿಲ್ಲೇನು?

ಇನ್ನ ಕೂಸುಗೋಳು. ಮುಂದಿನ ಸೀಟಿನ್ಯಾಗ ಅಜ್ಜನ ತೊಡಿ ಮ್ಯಾಲೆ ಮೊಮ್ಮಗ, ಕೈಯಾಗ ಚುರಮುರಿ. "ನಾ ಹಿಡಕೊಂಡೀನಿ ಬಿಡಪಾ" ಅಂತಾನ ಅಜ್ಜ. ಅಜ್ಜಾರ, ತಾಸಿಗೆ 50 ಕಿಲೋಮೀಟರ್ ವೇಗದಾಗ ಡಿಕ್ಕಿ ಆದ್ರ 10 ಕಿಲೋ ಕೂಸು ನಿಮ್ಮ ಕೈಯಿಂದ ಸುಮಾರು ಎರಡು ಕ್ವಿಂಟಲ್ ಭಾರದಲೆ ಕಿತಗೊಂಡು ಹೋಗತೈತಿ. ಎರಡು ಕ್ವಿಂಟಲ್! ಗದಗ ಎಪಿಎಂಸಿ ಹಮಾಲರನ್ನ ಕೇಳ್ರಿ, ಹಿಡಕೋತಾರೇನು ಅಂತ. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲಾ ಮಕ್ಕಳ ಸೀಟು ಬೇಕಂತ ಕಾಯ್ದೇನೂ ಹೇಳತೈತಿ. ಕೂಸಿನ ಜಾಗ ಹಿಂದಿನ ಸೀಟು.

(ಕೂಸಿನ ಕೈಯಾಗ ಸ್ಟೀರಿಂಗ್ ಕೊಟ್ಟು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದಾವ್ರು ಈ ಪ್ಯಾರಾ ಎರಡು ಸಲ ಓದ್ರಿ. ಫೋಟೋದಾಗ ಕೆಎ 26 ನಂಬರ್ ಸಮೇತ ಕಾಣಸಾಕ ಹತ್ತೈತಿ.)

ಹಿಂದಿನ ಸೀಟು ಅಂದ್ರ ನಿಮ್ಮ ಕಣ್ಣಾಗ ಅದು ಕಾರೇ ಅಲ್ಲ, ಪಡಸಾಲಿ. ಅಲ್ಲಿ ಬೆಲ್ಟ್ ಯಾರಿಗೆ ಬೇಕು? 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲಘರ್ ಹತ್ರ ಉದ್ಯಮಿ ಸೈರಸ್ ಮಿಸ್ತ್ರಿ ಅವರ ಕಾರು ಸೇತುವಿಗೆ ಬಡೀತು. ಗಾಡಿ ಮರ್ಸಿಡಿಸ್, ಊರಾಗಿನ ಹಳೇ ಸುಮೋ ಅಲ್ಲ. ಮುಂದ ಕುಂತ ಇಬ್ರು ಉಳದ್ರು, ಹಿಂದ ಕುಂತ ಇಬ್ರು ತೀರಕೊಂಡ್ರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸ್ರು ಹೇಳಿದ್ರು. ಹಿಂದ ಕುಂತಾವ್ರಿಗೂ ಬೆಲ್ಟ್ ಕಡ್ಡಾಯ ಅನ್ನೂದು ಅವತ್ತು ದೇಶಕ್ಕೆಲ್ಲಾ ಹೊಸಾ ಸುದ್ದಿ ಆತು. ನಿಯಮ ಆಗ ಹಳೇದಾಗಿತ್ತು!

ಆ ವರ್ಷ ಬೆಲ್ಟ್ ಹಾಕಲಾರದ ದೇಶದಾಗ 16,715 ಮಂದಿ ಸತ್ರು ಅಂತ ಕೇಂದ್ರದ ಸಾರಿಗೆ ಸಚಿವಾಲಯದ ವರದಿ ಹೇಳತೈತಿ. ಅದರಾಗ 8,331 ಮಂದಿ ಪ್ರಯಾಣಿಕರು. ಸ್ಟೀರಿಂಗ್ ಮುಟ್ಟಿದಾವ್ರಲ್ಲ, ಸುಮ್ನ ಕುಂತಾವ್ರು. ಹಿಂದ ಬೆಲ್ಟಿಲ್ಲದ ಕುಂತ ದೊಡ್ಡಪ್ಪ ತಾನೊಬ್ಬನ ಹೋಗೂದೂ ಇಲ್ಲ, ಹಾರಿ ಬಂದು ಬೆಲ್ಟ್ ಹಾಕ್ಕೊಂಡು ಮುಂದ ಕುಂತಾವ್ರನ್ನ ಜಜ್ಜತಾನ.

ನನಗ ತಿಳಿಯಲಾರದ್ದು ಒಂದೈತಿ, ನೀವರ ಹೇಳ್ರಿ. ಟ್ರ್ಯಾಕ್ಟರಿನ್ಯಾಗ ಉಳ್ಳಾಗಡ್ಡಿ ಚೀಲ ಹೇರಿದ್ರ ಎಷ್ಟು ಸುತ್ತು ಹಗ್ಗ ಬಿಗೀತೀರಿ? ಮ್ಯಾಲಿಂದ ಒಂದು, ಅಡ್ಡ ಒಂದು, ಮ್ಯಾಲೆ ಹತ್ತಿ ತುಳದು, ಜಗ್ಗಿ, ಗಂಟು ಹೊಡದು, "ಇನ್ನೊಂದೀಟು ಬಿಗಿಯಲೇ ತಮ್ಮಾ" ಅಂತ ಒದರತೀರಿ. ಬೆಟಗೇರಿ ನೇಕಾರರ ಸೀರಿ ಗಂಟು, ಮದಿವಿ ತಿಜೋರಿ, ಗಣಪ್ಪನ ಮೂರ್ತಿ, ಎಲ್ಲಾ ಕಟ್ಟತೀರಿ. ಒಂದ ಗಾಡ್ಯಾಗ ಕಟ್ಟಲಾರದ ಸಾಮಾನು ಅಂದ್ರ ಹಿಂದಿನ ಸೀಟಿನ್ಯಾಗ ಕುಂತ ನಿಮ್ಮ ಅವ್ವ. ಉಳ್ಳಾಗಡ್ಡಿಗೆ ರೇಟ್ ಬಿದ್ದ ವರ್ಷಾನೂ ಚೀಲಕ್ಕ ಹಗ್ಗ ತಪ್ಪೂದಿಲ್ಲ!

ಜಾತ್ರಿ ಸುದ್ದಿ ತಗೀಬಾರದಿತ್ತು, ತಗದುಬಿಡತೀನಿ. ಐದು ಮಂದಿ ಕಾರಿನ್ಯಾಗ ಒಂಬತ್ತು ಮಂದಿ. "ಸರೀರಿ, ಸರೀರಿ, ಇನ್ನೂ ಜಾಗ ಐತಿ!" ಬೆಲ್ಟ್ ಹಾಕ್ರಿ ಅಂದ್ರ, "ಬೀಳಾಕ ಜಾಗನ ಇಲ್ಲ, ಬೆಲ್ಟ್ ಯಾಕ?" ಸಿಂಗಟಾಲೂರ ವೀರಭದ್ರಪ್ಪಗ ಒಡದು ಉಳದ ತೆಂಗಿನಕಾಯಿ ಡ್ರೈವರ್ ಕಾಲ ಬುಡಕ ಉರುಳ್ಯಾಡಕೊಂತ. (ಅದು ಬ್ರೇಕಿನ ಬುಡಕ ಹೋಗಿ ಕುಂತ್ರ ವೀರಭದ್ರಪ್ಪಗೂ ಕೈಯಾಗಿಂದಲ್ಲ.) ಕ್ರೂಜರಿನ ಹಿಂದ ಮಾರಿಗೆ ಮಾರಿ ಹಚ್ಚಿ ಕೂಡೂ ಅಡ್ಡ ಸೀಟಿನ ಬಗ್ಗೆ ಕಾಯ್ದೆ ಏನಂತೈತಿ ಅಂತ ಕೇಳಬ್ಯಾಡ್ರಿ. ನಿಯಮ ಮುಂದಕ್ಕ ಮಾರಿ ಮಾಡಿದ ಸೀಟಿನ ಮಾತಷ್ಟೇ ಆಡತೈತಿ.

ದಂಡ ಎಷ್ಟಂತೀರಿ? 2019ರ ತಿದ್ದುಪಡಿ ಕಾಯ್ದೆದಾಗ 1000 ರೂಪಾಯಿ ಬರದಾರ. ಲೆಕ್ಕ ಹಾಕ್ರಿ, ಎಷ್ಟು ಪ್ಲೇಟ್ ಮಿರ್ಚಿ ಬಜಿ, ಎಷ್ಟು ಗಿರ್ಮಿಟ್? ಆದ್ರ ನೀವು ಅದಕ್ಕೂ ಹೆದರೂದಿಲ್ಲ. 2023ರ ಫೆಬ್ರುವರಿಯೊಳಗ ರಾಜ್ಯ ಸರಕಾರ ಹಳೇ ಟ್ರಾಫಿಕ್ ದಂಡಕ್ಕ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಮಂದಿ ಓಡಿಬಂದು ಪಾಳಿ ಹಚ್ಚಿ ಕಟ್ಟಿದ್ರು. ಇನ್ನೊಮ್ಮೆ ಬಿಡತಾರೇನು ಅಂತ ಕಾಯಕೊಂತ ಕುಂತಾವ್ರ ಪೈಕಿ ನೀವೊಬ್ರು. ಹೌದಲ್ರಿ?

ಆತು, ಬೈದಿದ್ದು ಸಾಕು. ಒಂದ ಕೆಲಸ ಹಚ್ಚತೀನಿ, ಮಾಡ್ರಿ. ನಿಮ್ಮ ಕಾರಿನ ಹಿಂದಿನ ಬೆಲ್ಟಿನ ಬಕಲ್ ಎಲ್ಲದಾವ? ಷೋರೂಮಿನಿಂದ ತಂದ ವಾರದಾಗ ಹೊಲಿಸಿ ಹಾಕಿಸಿದ ಸೀಟ್ ಕವರ್ ಬುಡಕ ಹುಗದು ಹೋಗ್ಯಾವ. (ಕವರ್ ಮ್ಯಾಲೆ ಪ್ಲಾಸ್ಟಿಕ್ಕೂ ಹಂಗ ಐತಿ.) ಈಗಿಂದೀಗ ಅಂಗಳಕ್ಕ ಹೋಗಿ, ಸಂದಿನ್ಯಾಗ ಕೈ ಹಾಕಿ, ಅಷ್ಟೂ ಬಕಲ್ ಮ್ಯಾಲೆ ಜಗ್ಗಿ ಇಡ್ರಿ. ಕೈಗೆ ಹತ್ತೂ ಕಡ್ಲಿಬೀಜ, ಐದು ರೂಪಾಯಿ ನಾಣ್ಯ ನಿಮಗ ಇರಲಿ. ಆಯಿತವಾರ ಬೀಗರು ಬರಾವ್ರದಾರ, ಅದಕ್ಕ ಮೊದಲ ಮಾಡಿ ಮುಗಸ್ರಿ.